ಮುಟ್ಟಿತು

ಸೊಲ್ಲಾಪುರ, ಅಕ್ಕಲಕೋಟ ರಸ್ತೆ, ಎಂಐಡಿಸಿ.
ಮಗ್ಗದ ಶೆಡ್ಡಿಗೂ ಬಣ್ಣದ ಹೌದಿಗೂ ನಡುವೆ
ನೀರಿನ ಕೂಲರ್ ಇಡುತ್ತಿದ್ದ ಕೋಣೆ ನನಗೆ ಸಿಕ್ಕಿತು.
ಕೂಲರ್ ಹೋಯಿತು, ಸರ್ವರ್ ಬಂತು,
ಗೋಡೆಯ ತೇವದ ಕಲೆ ಮಾತ್ರ
ಯಾರ ಆರ್ಡರಿಗೂ ಕದಲಲಿಲ್ಲ.

ಗಡ್ಡಂ ಸಾಹೇಬರು ಹೇಳಿದ್ದು ಇಷ್ಟೇ:
ಮುಂಬಯಿ ಆಫೀಸಿನ ಯಂತ್ರದ ಮಾತು ಒಂದು,
ಮಗ್ಗಗಳ ಲೆಕ್ಕ ಇಡುವುದರ ಮಾತು ಇನ್ನೊಂದು,
ಗೋದಾಮಿನ ಹಳೇ ಫಾಕ್ಸ್‌ಪ್ರೊ ಯಾರ ಮಾತನ್ನೂ ಕೇಳುವುದಿಲ್ಲ.
ನಡುವೆ ನಿಂತು ದುಭಾಷಿತನ ಮಾಡು, ಬಿರಾಜದಾರ.

ನಗು ಬಂತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ,
ಓಣಿಯ ನಳದ ಪಾಳಿಯಲ್ಲಿ ತೆಲುಗು:
ಇಪ್ಪತ್ತೆರಡು ವರ್ಷ ಬಿಟ್ಟಿ ಮಾಡಿದ ಕೆಲಸಕ್ಕೆ
ಈಗ ತಿಂಗಳಿಗೆ ಎಂಟು ಸಾವಿರ.

ಇಟ್ಟಿಗೆಯಷ್ಟು ದಪ್ಪದ ಮ್ಯಾನ್ಯುಅಲ್ಲು.
ಅಡಾಪ್ಟರು, ಕ್ಯೂ, ಎಕ್ಸ್‌ಎಂಎಲ್ಲಿನ ಮುಳ್ಳಾವರಣ,
ಒಂದು ಕಂಸ ಬಿಟ್ಟಿದ್ದಕ್ಕೆ ಹೋದ ಒಂದು ಶನಿವಾರ.
ನಾಲ್ಕನೇ ವಾರ, ರಾತ್ರಿ ಒಂಬತ್ತೂಕಾಲು,
ಮೊದಲ ಸಂದೇಶ ಪಾಳಿಯಲ್ಲಿ ನಿಂತು, ವೇಷ ಬದಲಿಸಿ,
ಆ ದಡ ಸೇರಿ, ತಿರುಗಿ ‘ಹ್ಞೂಂ’ ಅಂತ ಓಗೊಟ್ಟಿತು.
ವಾಚ್‌ಮನ್‌ನನ್ನು ಕರೆದು ತೋರಿಸಿದೆ.
ಆತ ತೆರೆಯ ಮೇಲಿನ ಒಂದೇ ಸಾಲು ನೋಡಿ
‘ಇಷ್ಟಕ್ಕs?’ ಅಂದ.

ಆಮೇಲೆ ಪುಣೆಯಿಂದ ಕಾವಲು ಬಂತು.
ಅದೂ ಒಂದು ತಂತ್ರಾಂಶ: ತೆರೆಯ ಮೇಲೆ ಹದಿನಾಲ್ಕು ದೀಪ,
ಕೆಂಪಾದರೆ ನನ್ನ ಫೋನು ಬಡಿದುಕೊಳ್ಳಬೇಕು.
ಮೊದಲ ರಾತ್ರಿ ನಲವತ್ತೊಂದು ಸಲ ಬಡಿದುಕೊಂಡಿತು,
ತೋಳವೇ ಇಲ್ಲದ ಊರಲ್ಲಿ ತೋಳ ತೋಳ ಅಂತ.
ಕಿವಿ ಹಿಂಡಿ ಹಿಂಡಿ ಅದಕ್ಕೆ ಬುದ್ಧಿ ಕಲಿಸಿದೆ.
ಮಳೆಗಾಲದ ಹೊತ್ತಿಗೆ ಹದಿನಾಲ್ಕೂ ಹಸಿರು.
ಆ ಹಸಿರು ನೋಡುತ್ತ ಚಹಾ ಕುಡಿಯುವುದು
ನನ್ನ ಅಭ್ಯಾಸವಾಯಿತು.

ಚಿಲ್ಕಾ ನರಸಯ್ಯ ಬಂದದ್ದು ಒಂದು ಗುರುವಾರ.
ಮಗ್ಗ ರಿಪೇರಿಯ ಮೇಸ್ತ್ರಿ, ಹುಬ್ಬಿನ ತುಂಬ ಹತ್ತಿಯ ನಯ,
ಚಪ್ಪಲಿ ಹೊರಗೆ ಬಿಟ್ಟು ತೆಲುಗಿನಲ್ಲಿ ಕೇಳಿದ:
ದುಬೈ ಪಾರ್ಟಿಗೆ ನೂರೇ ಟವೆಲ್ಲಾ ತಾಯಿ?
ಅಷ್ಟಕ್ಕೆ ಹಾಸು ಹೂಡುವವರುಂಟೇ?

ಹಸಿರು ತೋರಿಸಿದೆ.
ಪರರ ಮಗುವನ್ನು ನೋಡುವಂತೆ ಮರ್ಯಾದೆಯಿಂದ ನೋಡಿದ.
ಚೆನ್ನಾಗಿದೆ, ಅಂದ. ಆದರೆ ಆರನೇ ಮಗ್ಗ
ಮೊನ್ನೆಯಿಂದ ಸುಮ್ಮನಿದೆ.
ನಿಮಗೆ ಕೇಳಿಸಲಿಲ್ಲವಾ?

ಮುಂಬಯಿಯ ನೂರು ಡಜನ್ನು.
ನಮ್ಮ ನೂರು ಬಿಡಿ.
ಅಳತೆಯ ಆ ಒಂದು ಖಾನೆಯನ್ನು, ‘ಬೇಕಿದ್ದರೆ ತುಂಬಿ’
ಎಂದು ಮ್ಯಾನ್ಯುಅಲ್ ಅಂದಿದ್ದಕ್ಕೆ,
ಬೇಡವೆಂದು ಖಾಲಿ ಬಿಟ್ಟವಳು ನಾನು.
ಮೂರು ದಿನ, ಹನ್ನೊಂದು ಆರ್ಡರು.
ಮುಟ್ಟಿತು ಅಂದಿತ್ತು ಯಂತ್ರ. ಸುಳ್ಳೇನೂ ಅಲ್ಲ.
ತಿಳಿಯಿತಾ ಅಂತ ಅದನ್ನು ಯಾರೂ ಕೇಳಿರಲಿಲ್ಲ.

ಗಡ್ಡಂ ಸಾಹೇಬರು ಮೂರು ಭಾಷೆಯಲ್ಲಿ ಬೈದರು.
ಅನುವಾದ ಬೇಕಾಗಲಿಲ್ಲ.

ಆ ರಾತ್ರಿ ಹದಿನೈದನೆಯ ದೀಪ ಕಟ್ಟಿದೆ.
ಮಗ್ಗವೊಂದು ಅರ್ಧ ತಾಸು ಸುಮ್ಮನಾದರೆ ಹಳದಿ.
ತಪ್ಪಾಗಿದೆ ಎನ್ನುವುದಿಲ್ಲ ಅದು,
ಎದ್ದು ಹೋಗಿ ಕೇಳಿ ಬಾ ಎನ್ನುತ್ತದೆ.
ದೀಪಕ್ಕೊಂದು ಹೆಸರು ಕೊಡಬೇಕಿತ್ತು: ‘ನರಸಯ್ಯ’ ಅಂತ ಬರೆದೆ.
ಪುಣೆಯ ಹುಡುಗ ಫೋನಿನಲ್ಲಿ ಕೇಳಿದ,
ಇದು ಯಾವ ಪ್ರೊಟೊಕಾಲು, ಮೇಡಂ?

ಹನ್ನೊಂದಕ್ಕೆ ಮೆಸ್ಸಿನ ಇಂದೂಮಾವಶಿಯ ಫೋನು:
‘ಜೇವ್ಲೀಸ್ ಕಾ?’
ಉಂಡೆ ಅಂದೆ. ಕೀಲಿಮಣೆಯ ಪಕ್ಕ
ಡಬ್ಬಿಯ ಮುಚ್ಚಳ ತೆಗೆದೇ ಇರಲಿಲ್ಲ.

ಬೆಳಗ್ಗೆ ಡಬ್ಬಿ ವಾಪಸು ಕೊಟ್ಟೆ.
ತೆರೆಯಲಿಲ್ಲ ಆಕೆ.
ಒಂದು ಕೈಯಲ್ಲಿ ಎತ್ತಿ, ತುಸು ತೂಗಿ,
ನನ್ನ ಮುಖ ನೋಡಿದಳು.